ಜಾಮೀನು ಸಿಕ್ಕಿ 12 ದಿನ ಆಯ್ತು, ಹುಡುಗ ಇನ್ನೂ ಒಳಗೇ ಇದ್ದಾನೆ: ಪ್ರಶ್ನೋತ್ತರ

ನಮಸ್ಕಾರ ಎಲ್ಲರಿಗೂ. ಅಡ್ಮಿನ್ ಅಣ್ಣ ಕೇಳಿಕೊಂಡಿದ್ದಕ್ಕೆ ಇವತ್ತು ಸಂಜೆ ನಾನು ಇಲ್ಲಿ ಉತ್ತರ ಕೊಡುತ್ತೇನೆ. ನನ್ನ ಊರು ಬಳ್ಳಾರಿ. ಜೈಲು, ಜಾಮೀನು, ಕೋರ್ಟಿನ ವಿಳಂಬ ಇವುಗಳ ಮೇಲೆ ಸಂಶೋಧನೆ ಮಾಡುವುದು ನನ್ನ ಕೆಲಸ. ಕಾನೂನಿನಲ್ಲಿ ಏನು ಬರೆದಿದೆ, ಜನರ ಕೈಗೆ ಏನು ಬಂದು ಮುಟ್ಟುತ್ತದೆ, ನಡುವೆ ಎಲ್ಲಿ ನಿಂತುಹೋಗುತ್ತದೆ ಅಂತ ಲೆಕ್ಕ ಹಾಕಿ ಬರೆದು ಕೊಡುತ್ತೇವೆ. ನಾನು ವಕೀಲಳಲ್ಲ, ಹಾಗಾಗಿ ಕೇಸು ಗೆಲ್ಲುತ್ತಾ ಸೋಲುತ್ತಾ ಅನ್ನೋದು ಬಿಟ್ಟು ಉಳಿದದ್ದು ಕೇಳಿ.

ಪ್ರಶ್ನೆ (ಸಿಂಧನೂರು, ಕಿರಾಣಿ ಅಂಗಡಿಯವರು): ಅಕ್ಕಾ, ನಮ್ಮ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದ ಹುಡುಗ, 22 ವರ್ಷ. ಬೈಕ್ ಕಳ್ಳತನದ ಕೇಸಿನಲ್ಲಿ ಹಿಡಿದರು. ಹಿಂದೆ ಯಾವ ಕೇಸೂ ಇಲ್ಲ. ಕೋರ್ಟು ಜಾಮೀನು ಕೊಟ್ಟು 12 ದಿನ ಆಯ್ತು, ಇನ್ನೂ ಒಳಗೇ ಇದ್ದಾನೆ. 50 ಸಾವಿರದ ಬಾಂಡು, ಒಬ್ಬ ಶ್ಯೂರಿಟಿ (ಅವನು ತಾರೀಖಿಗೆ ಬರುತ್ತಾನೆ ಅಂತ ಹೊಣೆ ನಿಲ್ಲುವವರು) ಕೇಳಿದ್ದಾರೆ. ಹುಡುಗನ ಮನೆಯವರಿಗೆ ಹೊಲವೇ ಇಲ್ಲ, ಪಹಣಿ ಎಲ್ಲಿಂದ ತರಬೇಕು? ಅವರವ್ವ ದಿನಾ ಅಂಗಡಿ ಮುಂದೆ ಬಂದು ಕೂರುತ್ತಾಳೆ. ಹೊಸ ಕಾನೂನಿನಲ್ಲಿ ಮೂರರಲ್ಲಿ ಒಂದು ಭಾಗ ಶಿಕ್ಷೆಯಷ್ಟು ದಿನ ಕಳೆದರೆ ಬಿಡುತ್ತಾರೆ ಅಂತ ಪೇಪರಿನಲ್ಲಿ ಓದಿದೆ. ಅದು ಇವನಿಗೆ ಬರುತ್ತಾ?

ಉತ್ತರ: ಅಣ್ಣಾ, ಮೊದಲು ಆ ಮೂರರಲ್ಲಿ ಒಂದರ ವಿಷಯ. ಅದು 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಹಿಂದೆ ಯಾವ ಕೇಸಿನಲ್ಲೂ ಅಪರಾಧಿ ಅಂತ ತೀರ್ಪು ಆಗಿರದವರಿಗೆ ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರರಲ್ಲಿ ಒಂದು ಭಾಗ, ಉಳಿದವರಿಗೆ ಅರ್ಧ. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷ ಅಂತ ಹಿಡಿದರೂ ನಿಮ್ಮ ಹುಡುಗ ಒಂದು ವರ್ಷ ಒಳಗೆ ಕೂರಬೇಕು. ಅದನ್ನ ಕಾಯೋದು ಬೇಡವೇ ಬೇಡ. ಅವನಿಗೆ ಜಾಮೀನು ಆಗಲೇ ಸಿಕ್ಕಿದೆ. ಈಗ ಅಡ್ಡ ಬಂದಿರೋದು ಶ್ಯೂರಿಟಿ ಮಾತ್ರ.

ಇದಕ್ಕೆ 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನಗಳಿವೆ. ಜಾಮೀನು ಆದೇಶದ ಪ್ರತಿಯನ್ನು ಅವತ್ತೇ ಅಥವಾ ಮರುದಿನ ಜೈಲಿಗೆ ಇ-ಮೇಲ್ ಮಾಡಬೇಕು. 7 ದಿನದಲ್ಲಿ ಕೈದಿ ಹೊರಗೆ ಬರದಿದ್ದರೆ ಜೈಲಿನ ಅಧಿಕಾರಿಯೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಅವರು ಜೈಲಿಗೆ ಜನ ಕಳಿಸಿ ಯಾಕೆ ಬಂದಿಲ್ಲ ಅಂತ ವಿಚಾರಿಸಬೇಕು. ಒಂದು ತಿಂಗಳಾದರೂ ಶ್ಯೂರಿಟಿ ಕೊಡಲು ಆಗದಿದ್ದರೆ, ಷರತ್ತು ಸಡಿಲ ಮಾಡುವ ವಿಚಾರವನ್ನು ಕೋರ್ಟೇ ತಾನಾಗಿ ಕೈಗೆತ್ತಿಕೊಳ್ಳಬಹುದು. ಸ್ಥಳೀಯ ಶ್ಯೂರಿಟಿಯೇ ಬೇಕು ಅಂತ ಹಟ ಹಿಡಿಯುವುದರಿಂದ ಬಿಡುಗಡೆ ತಡವಾಗುತ್ತದೆ, ಆ ಷರತ್ತು ಹಾಕದಿರುವುದು ಒಳ್ಳೆಯದು ಅಂತಲೂ ಅದರಲ್ಲೇ ಇದೆ.

ನಿಮ್ಮ ಹುಡುಗನಿಗೆ 7 ದಿನ ದಾಟಿಹೋಗಿದೆ. ನಾಳೆ ಬೆಳಿಗ್ಗೆ ಅವರವ್ವನನ್ನು ಕರೆದುಕೊಂಡು ಸಿಂಧನೂರು ಕೋರ್ಟಿನಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅಲ್ಲಿ ಆಗದಿದ್ದರೆ ರಾಯಚೂರಿನ ಜಿಲ್ಲಾ ಪ್ರಾಧಿಕಾರ. ಫೋನಾದರೆ 15100. ಜೈಲಿನಲ್ಲಿರುವ ಯಾರಿಗೇ ಆಗಲಿ ಪುಕ್ಕಟೆ ವಕೀಲರು ಸಿಗಬೇಕು ಅನ್ನೋದು 1987ರ ಕಾನೂನಿನಲ್ಲೇ ಇದೆ, ಅವರ ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ. ಶ್ಯೂರಿಟಿ ಇಲ್ಲದೆ ಸ್ವಂತ ಬಾಂಡಿನ ಮೇಲೆ ಬಿಡಿ, ಇಲ್ಲವೇ ಮೊತ್ತ ಇಳಿಸಿ ಅಂತ ಆ ವಕೀಲರಿಂದ ಅರ್ಜಿ ಹಾಕಿಸಿ. ಬಾಂಡಿನ ಮೊತ್ತ ವಿಪರೀತ ಇರಬಾರದು ಅಂತ ಕಾನೂನೇ ಹೇಳುತ್ತದೆ, ಹಾಗಾಗಿ ಕೇಳೋದಕ್ಕೆ ಹಿಂಜರಿಯಬೇಡಿ. ಬಡ ಕೈದಿಗಳಿಗೆ ಅಂತ ಕೇಂದ್ರದ ‘ಸಪೋರ್ಟ್ ಟು ಪೂರ್ ಪ್ರಿಸನರ್ಸ್’ ಅನ್ನೋ ಒಂದು ಯೋಜನೆಯೂ ಇದೆ. 2023ರಲ್ಲಿ ಬಂದಾಗ ಅದರಲ್ಲಿ ವಿಚಾರಣಾಧೀನ (ಇನ್ನೂ ತೀರ್ಪು ಆಗದ) ಕೈದಿಗೆ 40,000 ರೂಪಾಯಿವರೆಗೆ ಅವಕಾಶ ಇತ್ತು. ಜಿಲ್ಲಾಧಿಕಾರಿ, ಎಸ್‌ಪಿ, ಜೈಲಿನ ಅಧಿಕಾರಿ ಎಲ್ಲ ಇರುವ ಸಮಿತಿ ಅದನ್ನು ನೋಡುತ್ತದೆ. ಅದರ ಬಗ್ಗೆಯೂ ಹೆಸರು ಹಿಡಿದು ಕೇಳಿ, ಕೇಳದೆ ಯಾರೂ ಹೇಳುವುದಿಲ್ಲ.

ಪ್ರಶ್ನೆ (ಬಳ್ಳಾರಿ, ನಿವೃತ್ತ ಮಾಸ್ತರು): ಮೇಡಂ, ನಿಮ್ಮ ಮಾತು ಸರಿ ಇರಬಹುದು. ಆದರೆ ಹೋದ ವರ್ಷ ನಮ್ಮ ಮನೆಯವಳ ಸರ ಕಿತ್ತುಕೊಂಡು ಹೋದರು. ಶ್ಯೂರಿಟಿ ಇಲ್ಲದೆ ಬಿಟ್ಟರೆ ಆಸಾಮಿ ಮತ್ತೆ ಕೋರ್ಟಿಗೆ ಬರುತ್ತಾನಾ? ಕಳಕೊಂಡವರ ಕಥೆ ಏನು?

ಉತ್ತರ: ಸರ್, ಅಮ್ಮಾವರಿಗೆ ಪೆಟ್ಟಾಗಿರಲಿಲ್ಲ ತಾನೇ? ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಯಾಕೆಂದರೆ ಶ್ಯೂರಿಟಿ ಇರೋದೇ ಆರೋಪಿ ತಾರೀಖಿಗೆ ಬರಲಿ ಅಂತ. ಹಾಗಾದರೆ ಹೊಲದ ಕಾಗದ ಇಟ್ಟರೇನೇ ಮನುಷ್ಯ ಬರುತ್ತಾನಾ ಅನ್ನೋದನ್ನ ಪರೀಕ್ಷೆ ಮಾಡಿ ನೋಡಬಹುದು ಅಲ್ವಾ? ನೋಡಿದ್ದಾರೆ. 1961ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಒಂದು ಪ್ರಯೋಗ ಶುರುವಾಯ್ತು. ಈ ಊರಿನಲ್ಲಿ ಎಷ್ಟು ವರ್ಷದಿಂದ ಇದ್ದೀಯ, ಮನೆಯಲ್ಲಿ ಯಾರ್ಯಾರಿದ್ದಾರೆ, ಕೆಲಸ ಏನು ಅಂತ ಕೇಳಿ, ಊರಿನ ಬೇರು ಗಟ್ಟಿ ಇದ್ದವರನ್ನು ದುಡ್ಡು ಕೇಳದೆ ಬಿಡಿಸಿದರು. ಸುಮಾರು ಎರಡೂವರೆ ವರ್ಷದಲ್ಲಿ ಹೀಗೆ ಹೊರಗೆ ಬಂದ ಮೂರೂವರೆ ಸಾವಿರ ಜನರಲ್ಲಿ ಬೇಕಂತಲೇ ತಪ್ಪಿಸಿಕೊಂಡವರು 100ಕ್ಕೆ 2ಕ್ಕಿಂತ ಕಡಿಮೆ. ನಮ್ಮಲ್ಲೂ 1979ರ ಹುಸೇನಾರಾ ಖಾತೂನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಭಗವತಿ ಇಂಥವೇ ಅಂಶಗಳನ್ನು ನೋಡಿ ಸ್ವಂತ ಬಾಂಡಿನ ಮೇಲೆ ಬಿಡಬಹುದು ಅಂದರು.

ಮತ್ತೆ, ತಾರೀಖಿಗೆ ಬಾರದವರೆಲ್ಲ ಓಡಿಹೋದವರಲ್ಲ. ಬಹಳ ಜನ ಮರೆಯುತ್ತಾರೆ, ತಾರೀಖು ತಪ್ಪು ತಿಳಿದುಕೊಳ್ಳುತ್ತಾರೆ, ಕೂಲಿ ಬಿಟ್ಟು ಬರಲಾಗದೆ ಉಳಿಯುತ್ತಾರೆ. 2020ರಲ್ಲಿ ಪ್ರಕಟವಾದ ಇನ್ನೊಂದು ನ್ಯೂಯಾರ್ಕ್ ಅಧ್ಯಯನದಲ್ಲಿ, ಕೋರ್ಟಿನ ತಾರೀಖನ್ನು ಮೊಬೈಲ್ ಮೆಸೇಜಿನಲ್ಲಿ ನೆನಪಿಸಿದ್ದಕ್ಕೇ ಗೈರುಹಾಜರಿ 21% ಇಳಿಯಿತು. ಒಂದು ಮೆಸೇಜು, ಸರ್. ನಮ್ಮಲ್ಲಿ ಗುಳೆ ಹೋದವನಿಗೆ ವಾರಂಟು ಬಂದ ಮೇಲೆಯೇ ತಾರೀಖು ದಾಟಿದ್ದು ಗೊತ್ತಾಗುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರತಿ ಕೇಸಿಗೂ ಇರುವ 16 ಅಕ್ಷರದ ಸಿಎನ್‌ಆರ್ ಸಂಖ್ಯೆ ಹಾಕಿದರೆ ಮುಂದಿನ ತಾರೀಖು ಕಾಣುತ್ತದೆ. ಗುಂಪಿನಲ್ಲಿ ಯಾರದೇ ಕೇಸು ಇದ್ದರೂ ಆ ಸಂಖ್ಯೆ ಬರೆದಿಟ್ಟುಕೊಳ್ಳಿ, ಕಳಕೊಂಡವರಿಗೂ ಅದು ಬೇಕಾಗುತ್ತದೆ.

ಕಳಕೊಂಡವರ ವಿಷಯ. ಅವರಿಗೆ ಬೇಕಾಗಿರೋದು ಬೇಗ ವಿಚಾರಣೆ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2024ರ ಅಕ್ಟೋಬರಿನಲ್ಲಿ. ಹತ್ತು ವರ್ಷ! ಆ ಮನೆಗಳಲ್ಲಿ ಅವತ್ತು ಶಾಲೆಗೆ ಹೋಗುತ್ತಿದ್ದ ಮಕ್ಕಳು ತೀರ್ಪು ಬರುವ ಹೊತ್ತಿಗೆ ದುಡಿಯುವ ವಯಸ್ಸಿಗೆ ಬಂದಿದ್ದರು. ಬೈಕ್ ಕೇಸಿನ ಹುಡುಗನನ್ನು ಪಹಣಿ ಇಲ್ಲ ಅಂತ ಒಳಗಿಟ್ಟರೆ ಇಂಥ ಕೇಸು ಒಂದು ದಿನವೂ ಬೇಗ ಮುಗಿಯೋದಿಲ್ಲ.

ಪ್ರಶ್ನೆ (ರಾಯಚೂರು): ಪ್ರತಿ ವರ್ಷ ಕ್ರೈಂ ಜಾಸ್ತಿ ಆಯ್ತು ಅಂತ ಸುದ್ದಿ ಬರುತ್ತದಲ್ಲ, ಅದು ನಿಜಾನಾ?

ಉತ್ತರ: ಸ್ಟೇಷನ್ನಿನಲ್ಲಿ ಬರೆದುಕೊಂಡ ಕೇಸು ಜಾಸ್ತಿ ಆಗಿದೆ ಅಂತ ಓದಿಕೊಳ್ಳಿ. ದೂರು ಕೊಡಲು ಹೆದರುತ್ತಿದ್ದವರು ಧೈರ್ಯ ಮಾಡಿದರೂ ಸಂಖ್ಯೆ ಏರುತ್ತದೆ, ಅದು ಒಳ್ಳೆಯ ಲಕ್ಷಣ. ಇನ್ನೊಂದು, ಒಂದೇ ಎಫ್‌ಐಆರ್‌ನಲ್ಲಿ ಕೊಲೆ, ಕಳ್ಳತನ ಎರಡೂ ಇದ್ದರೆ ರಾಷ್ಟ್ರೀಯ ಲೆಕ್ಕದಲ್ಲಿ ದೊಡ್ಡದಾದ ಕೊಲೆಯನ್ನು ಮಾತ್ರ ಎಣಿಸುತ್ತಾರೆ.

ಪ್ರಶ್ನೆ (ಕೊಪ್ಪಳ, ಎಂ.ಎ. ವಿದ್ಯಾರ್ಥಿನಿ): ಅಕ್ಕಾ, ನನ್ನ ಪ್ರಬಂಧಕ್ಕೆ ಇದೇ ವಿಷಯ ತಗೋಬೇಕು ಅಂತ ಆಸೆ. ಏನನ್ನ ಎಣಿಸಬೇಕು, ಎಲ್ಲಿಂದ ಶುರು ಮಾಡಬೇಕು?

ಉತ್ತರ: ತಂಗೀ, ತಗೋ, ಖಂಡಿತ ತಗೋ. ದೇಶದ ದೊಡ್ಡ ಲೆಕ್ಕ ಮೊದಲು. 2022ರ ಕೊನೆಗೆ ಜೈಲುಗಳಲ್ಲಿ 5,73,220 ಜನ ಇದ್ದರು, ಅವರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರು. ಇದನ್ನ ಎಲ್ಲರೂ ಬರೆಯುತ್ತಾರೆ. ಆದರೆ ಜಾಮೀನು ಸಿಕ್ಕಿಯೂ ಒಳಗೆ ಉಳಿದವರು ಎಷ್ಟು? 2022ರ ನವೆಂಬರ್ 26ರಂದು ಸಂವಿಧಾನ ದಿನದ ಭಾಷಣದಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಬಡ ಕೈದಿಗಳ ಪಾಡು ಹೇಳಿದರು. ಕೆಲವೇ ದಿನದಲ್ಲಿ ಸುಪ್ರೀಂ ಕೋರ್ಟು ಲೆಕ್ಕ ಕೊಡಿ ಅಂತ ಕೇಳಿತು. ಆಗ ಬಂದ ಸಂಖ್ಯೆ ಸುಮಾರು 5,000, ಅವರಲ್ಲಿ 1,417 ಜನರನ್ನು ಆ ವೇಳೆಗೆ ಬಿಡಿಸಿದ್ದರು. ನೋಡು, ಯಾರೋ ಕೇಳಿದರು, ಎಣಿಸಿದರು, ಜನ ಹೊರಗೆ ಬಂದರು. ನಾನು ಈ ಕೆಲಸ ಬಿಡದೇ ಇರೋದು ಇಂಥದ್ದಕ್ಕೇ.

ನೀನು ಜಿಲ್ಲೆಯ ಮಟ್ಟದಲ್ಲಿ ಮಾಡು. ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಂ ಹಾಕು: ಜಾಮೀನು ಆದೇಶ ಆದ ದಿನ, ಆದೇಶದ ಪ್ರತಿ ಕೈಗೆ ಬಂದ ದಿನ, ಶ್ಯೂರಿಟಿ ಕೋರ್ಟಿಗೆ ಬಂದ ದಿನ, ಕೋರ್ಟು ಅವರನ್ನು ಒಪ್ಪಿದ ದಿನ, ಜೈಲಿನ ಬಾಗಿಲು ದಾಟಿದ ದಿನ. ಎಲ್ಲಿ ಜಾಸ್ತಿ ದಿನ ಹೋಗಿದೆಯೋ ರೋಗ ಅಲ್ಲಿದೆ. ಬರೀ ಒಟ್ಟು ದಿನ ಬರೆದರೆ ಯಾರನ್ನು ಕೇಳಬೇಕು ಅನ್ನೋದೇ ಗೊತ್ತಾಗೋದಿಲ್ಲ.

ನಾನು ಮೊದಮೊದಲು ಮಾಡಿದ ತಪ್ಪು ನೀನು ಮಾಡಬೇಡ. ಜೈಲಿಗೆ ಒಂದು ದಿನ ಹೋಗಿ, ಅಲ್ಲಿದ್ದವರನ್ನು ಎಣಿಸಿ ಬಂದೆ. ರಾತ್ರಿ ಹನ್ನೊಂದಕ್ಕೆ ಕೊಪ್ಪಳ ಬಸ್ ಸ್ಟ್ಯಾಂಡಿಗೆ ಹೋದರೆ ಬಸ್ ತಪ್ಪಿದವರೇ ಕಾಣುತ್ತಾರೆ, ಬೆಳಿಗ್ಗೆಯಿಂದ ಹೋದವರು ಕಾಣೋದಿಲ್ಲ ಅಲ್ವಾ? ಹಾಗೇ ಆಯ್ತು. ಎರಡೇ ದಿನದಲ್ಲಿ ಹೊರಗೆ ಹೋದವರು ನನ್ನ ಲೆಕ್ಕಕ್ಕೆ ಬರಲೇ ಇಲ್ಲ. ಅದಕ್ಕೆ ಜೈಲಿನಿಂದ ಶುರು ಮಾಡಬೇಡ. ಒಂದು ತಿಂಗಳಲ್ಲಿ ಆದ ಜಾಮೀನು ಆದೇಶಗಳನ್ನೆಲ್ಲ ಇ-ಕೋರ್ಟ್ಸ್‌ನಿಂದ ತೆಗೆದು, ಒಂದೊಂದನ್ನೂ ಕೊನೆತನಕ ಹಿಂಬಾಲಿಸು. ಜೈಲಿನ ಸಂಖ್ಯೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕು, 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಕೈದಿಗಳ ಹೆಸರು ಕೇಳಬೇಡ, ಸಂಖ್ಯೆ ಮತ್ತು ದಿನಾಂಕ ಸಾಕು.

ಆಮೇಲೆ ಕೋರ್ಟಿನ ವರಾಂಡದಲ್ಲಿ ಹೋಗಿ ಕೂರು. ನಮ್ಮ ಭಾಗದ ಒಂದು ಕೋರ್ಟಿನಲ್ಲಿ ನಾನು ಕಂಡದ್ದು ಹೇಳುತ್ತೇನೆ. ಒಬ್ಬ ಅಜ್ಜಿ, ತಂಗಿಯ ಮಗನಿಗೆ ಶ್ಯೂರಿಟಿ ನಿಲ್ಲಲು ಬಂದಿದ್ದರು. ಪಹಣಿಯನ್ನು ರಸಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸೊಂಟದ ಸೀರೆಯೊಳಗೆ ಸಿಕ್ಕಿಸಿಕೊಂಡಿದ್ದರು. ಮೊದಲ ದಿನ ಪಹಣಿ ಹಳೇದು, ಹೊಸದು ತಗೊಂಡು ಬಾ ಅಂದರು. ಎರಡನೇ ಸಲ ಹೊಸದು ತಂದರೆ, ಹೆಸರಿನ ಕೊನೆಗೆ ಪಹಣಿಯಲ್ಲಿ ‘ಅವ್ವ’ ಅಂತಿದೆ, ಆಧಾರ್‌ನಲ್ಲಿ ‘ಅಮ್ಮ’ ಅಂತಿದೆ. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಬೇಕು. ಮೂರನೇ ಸಲ ಅಫಿಡವಿಟ್ ಇತ್ತು, ಆದರೆ ಪಹಣಿಯ 11ನೇ ಕಾಲಮ್ಮಿನಲ್ಲಿ ಸೊಸೈಟಿಯ ಬೆಳೆ ಸಾಲ ಕಂಡಿತು. ನಾಲ್ಕನೇ ಸಲ ಬಂದಾಗ ನನ್ನನ್ನು ನೋಡಿ, ಇವತ್ತಾದರೂ ಆಗುತ್ತೇನವ್ವಾ ಅಂತ ಕೇಳಿದರು. ಪ್ರತಿ ಸಲಕ್ಕೂ ಬಸ್ ಚಾರ್ಜು, ಒಂದು ದಿನದ ಕಳೆ ಕೂಲಿ ಹೋಯ್ತು. ಇದು ಯಾವ ಕೋಷ್ಟಕದಲ್ಲೂ ಇಲ್ಲ. ನಿನ್ನ ನೋಟ್‌ಬುಕ್ಕಿನಲ್ಲಿ ಇದಕ್ಕೂ ಒಂದು ಜಾಗ ಇಡು: ಎಷ್ಟು ಸಲ ಬಂದರು, ವಾಪಸ್ ಕಳಿಸಿದ್ದು ಯಾಕೆ.

ಪ್ರಶ್ನೆ (ಗಂಗಾವತಿ, ಜೂನಿಯರ್ ವಕೀಲರು): ಮೇಡಂ, ಎಲ್ಲಾ ಬಡತನದಿಂದಲೇ ಅಂತ ಹೇಳೋಕಾಗಲ್ಲ. ನಮ್ಮ ಕೆಲವು ಕಕ್ಷಿದಾರರಿಗೆ ಐದಾರು ಕೇಸು ಇರುತ್ತವೆ. ಒಂದರಲ್ಲಿ ಶ್ಯೂರಿಟಿ ಕೊಟ್ಟರೂ ಇನ್ನೊಂದರಲ್ಲಿ ಒಳಗೇ ಇರಬೇಕು, ಹಾಗಾಗಿ ಯಾವುದಕ್ಕೂ ಕೊಡೋದಿಲ್ಲ.

ಉತ್ತರ: ನಿಜ ಸರ್, ಇದನ್ನು ಸುಪ್ರೀಂ ಕೋರ್ಟೂ ಗುರುತಿಸಿದೆ. 479ನೇ ಕಲಮ್ಮಿನ ಅನುಕೂಲವೂ ಹಲವು ಕೇಸು ಬಾಕಿ ಇರುವವರಿಗೆ ಇಲ್ಲ. ಅದಕ್ಕೇ ಇವರನ್ನೂ ಶ್ಯೂರಿಟಿ ಸಿಗದವರನ್ನೂ ಒಂದೇ ಗುಂಪಿಗೆ ಹಾಕಿ ಎಣಿಸಬಾರದು, ಎರಡಕ್ಕೂ ಮದ್ದು ಬೇರೆ. 2024ರ ಆಗಸ್ಟಿನ ಗಿರೀಶ್ ಗಾಂಧಿ ಪ್ರಕರಣ ನೀವು ನೋಡಿರಬೇಕು. 13 ಕೇಸುಗಳಲ್ಲಿ ಜಾಮೀನು ಸಿಕ್ಕಿತ್ತು, ಅಷ್ಟು ಶ್ಯೂರಿಟಿ ಸಿಗಲಿಲ್ಲ. ಒಂದು ರಾಜ್ಯದ ಕೇಸುಗಳಿಗೆಲ್ಲ ಅದೇ ಶ್ಯೂರಿಟಿದಾರರು ನಡೆಯುತ್ತಾರೆ ಅಂತ ಕೋರ್ಟು ದಾರಿ ಮಾಡಿಕೊಟ್ಟಿತು. ಶ್ಯೂರಿಟಿ ಕೇಳೋದು ಹತ್ತಿರದ ನಂಟರನ್ನೋ ಹಳೇ ಗೆಳೆಯರನ್ನೋ ತಾನೇ, ಅವರು ಎಷ್ಟು ಜನ ಇರುತ್ತಾರೆ?

ಇನ್ನೊಂದು ಹಳೇ ತೀರ್ಪು, 1978ರ ಮೋತಿರಾಮ್. ಅವನು ಗಾರೆ ಕೆಲಸದವನು. 10 ಸಾವಿರದ ಶ್ಯೂರಿಟಿ ಕೇಳಿದರು, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಬೇಡ ಅಂದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ, ದೂರದ ಊರಿನಲ್ಲಿ ಸಿಕ್ಕಿಬಿದ್ದ ಕನ್ನಡಿಗ ಏನು ಮಾಡಬೇಕು ಅಂತ ಕನ್ನಡಿಗರ ಹೆಸರನ್ನೂ ಹಿಡಿದು ಕೇಳಿದ್ದಾರೆ. ಲಿಂಗಸುಗೂರು, ದೇವದುರ್ಗ, ಯಲಬುರ್ಗಾದಿಂದ ಗುಳೆ ಹೋದ ನಮ್ಮವರನ್ನು ಬೆಂಗಳೂರಿನಲ್ಲೋ ಹೊರರಾಜ್ಯದಲ್ಲೋ ಹಿಡಿದಾಗ ಇದೇ ಆಗುತ್ತದೆ. ಅಂಥ ಕೇಸು ಬಂದರೆ ಆ ತೀರ್ಪನ್ನು ದಯವಿಟ್ಟು ಮುಂದಿಡಿ.

ಸಿಂಧನೂರಿನ ಅಂಗಡಿಯವರು (ಮರುದಿನ): ಅಕ್ಕಾ, ಹೋಗಿದ್ದೆವು. ವಕೀಲರನ್ನು ಕೊಟ್ಟಿದ್ದಾರೆ, ಷರತ್ತು ಸಡಿಲ ಮಾಡಿ ಅಂತ ಅರ್ಜಿ ಹಾಕುತ್ತಾರಂತೆ. ಅವನು ಎಷ್ಟು ವರ್ಷದಿಂದ ಕೆಲಸಕ್ಕಿದ್ದಾನೆ ಅಂತ ನನ್ನನ್ನು ಕೇಳಿದರು. ನಾನು ಬರೆದು ಕೊಡಬಹುದಾ? ನನಗೇನೂ ತೊಂದರೆ ಆಗಲ್ವಾ?

ಉತ್ತರ: ಬರೆದು ಕೊಡಿ ಅಣ್ಣಾ, ಅದು ಶ್ಯೂರಿಟಿ ಅಲ್ಲ, ದುಡ್ಡಿನ ಹೊಣೆ ನಿಮ್ಮ ಮೇಲೆ ಬರೋದಿಲ್ಲ. ಯಾವ ವರ್ಷದಿಂದ ಇದ್ದಾನೆ, ವಾರಕ್ಕೆ ಎಷ್ಟು ಕೂಲಿ, ಹೊರಗೆ ಬಂದರೆ ಮತ್ತೆ ಕೆಲಸಕ್ಕೆ ಇಟ್ಟುಕೊಳ್ಳುತ್ತೀರಾ ಅನ್ನೋದನ್ನ ನಿಮಗೆ ಗೊತ್ತಿರುವಷ್ಟೇ ಬರೆಯಿರಿ, ಜಾಸ್ತಿ ಸೇರಿಸಬೇಡಿ. ಅಂಗಡಿಯ ಲೈಸೆನ್ಸಿನ ಜೆರಾಕ್ಸ್ ಜೊತೆಗಿಡಿ. ಅರ್ಜಿ ಹಾಕಿದ ದಿನಾಂಕ, ಮುಂದಿನ ತಾರೀಖು ಎರಡನ್ನೂ ಅವರವ್ವನ ಕೈಯಲ್ಲಿ ಚೀಟಿ ಬರೆದು ಕೊಡಿ. ಅವತ್ತು ಏನಾಯ್ತು ಅಂತ ಇಲ್ಲೇ ಹಾಕಿ, ನಾನು ನೋಡುತ್ತಿರುತ್ತೇನೆ.