ಸ್ಕೀ ಇಳಿಜಾರಿನಲ್ಲಿ ಡಿಕ್ಕಿಯಾದರೆ ಕಾನೂನಿನ ದೃಷ್ಟಿಯಲ್ಲಿ ತಪ್ಪು ಯಾರದು?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾವು ಡೆನ್ವರ್ ಸಮೀಪ ವಾಸವಾಗಿದ್ದೇವೆ. ಕಳೆದ ತಿಂಗಳು ಕೊಲರಾಡೊದ ಒಂದು ಸ್ಕೀ ತಾಣದಲ್ಲಿ, ಹೊಸಬರಿಗೆಂದು ಹಸಿರು ಗುರುತು ಹಾಕಿದ ಇಳಿಜಾರಿನ ಅಂಚಿನಲ್ಲಿ ನನ್ನ ಹೆಂಡತಿ ಕಳಚಿಬಿದ್ದ ಸ್ಕೀಯನ್ನು ಮತ್ತೆ ಬೂಟಿಗೆ ಸಿಕ್ಕಿಸಿಕೊಳ್ಳುತ್ತಿದ್ದಾಗ, ಮೇಲಿನಿಂದ ರಭಸವಾಗಿ ಬಂದ ಸ್ನೋಬೋರ್ಡ್ ಸವಾರನೊಬ್ಬ ಆಕೆಗೆ ಗುದ್ದಿದ. ಮೊಣಕಾಲಿನ ಲಿಗಮೆಂಟ್ ಹರಿದಿದ್ದು, ಶಸ್ತ್ರಚಿಕಿತ್ಸೆ ಆಗಬೇಕಿದೆ. ಪಾಸ್ ಕೊಳ್ಳುವಾಗಲೇ ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಟ್ಟು ಸಹಿ ಹಾಕಿರುವುದರಿಂದ ಏನೂ ಮಾಡಲಾಗದು ಎಂದು ಸ್ನೇಹಿತರು ಹೇಳುತ್ತಿದ್ದಾರೆ. ಇದು ನಿಜವೇ?

ಉತ್ತರ: ನಿಮ್ಮ ಸ್ನೇಹಿತರ ಮಾತು ಸ್ಕೀ ಕಂಪನಿಯ ಮಟ್ಟಿಗೆ ಬಹುಪಾಲು ಸರಿ, ಗುದ್ದಿದವನ ಮಟ್ಟಿಗೆ ತಪ್ಪು. ನೀವು ಸಹಿ ಹಾಕಿದ ಪತ್ರ ನಿಮಗೂ ಕಂಪನಿಗೂ ನಡುವಿನ ಒಪ್ಪಂದ. ಆ ಸವಾರ ಅದರಲ್ಲಿ ಪಕ್ಷಗಾರನಲ್ಲ. ಕೊಲರಾಡೊದಲ್ಲಿ 1979ರಿಂದ ಸ್ಕೀ ಸುರಕ್ಷತೆಗೆಂದೇ ಪ್ರತ್ಯೇಕ ಕಾಯ್ದೆಯಿದೆ. ಹಿಮದ ಗುಣ, ಹವಾಮಾನ, ಮರ, ಬಂಡೆ, ತನ್ನದೇ ಸಾಮರ್ಥ್ಯದ ಕೊರತೆ ಮುಂತಾದ ಅಪಾಯಗಳನ್ನು ಸ್ಕೀ ಮಾಡುವವರು ತಾವೇ ಹೊತ್ತುಕೊಂಡಂತೆ ಎಂದು ಆ ಕಾಯ್ದೆ ಹೇಳುತ್ತದೆ. ಆದರೆ ಒಬ್ಬ ಸ್ಕೀಯರ್ ಇನ್ನೊಬ್ಬನ ಮೇಲೆ ಹೂಡುವ ದಾವೆಯಲ್ಲಿ, ಇಬ್ಬರ ನಡುವಿನ ಡಿಕ್ಕಿಯನ್ನು ಹಾಗೆ ಒಪ್ಪಿಕೊಂಡ ಅಪಾಯವೆಂದು ಪರಿಗಣಿಸುವಂತಿಲ್ಲ ಎಂದೂ ಸ್ಪಷ್ಟವಾಗಿ ಬರೆದಿದೆ. ವೇಗವನ್ನೂ ದಿಕ್ಕನ್ನೂ ಸದಾ ಹತೋಟಿಯಲ್ಲಿಡುವುದು, ಕೆಳಗಿರುವವರಿಗೆ ಗುದ್ದದಂತೆ ನೋಡಿಕೊಳ್ಳುವುದು ಮೇಲಿನಿಂದ ಬರುವವನ ಪ್ರಾಥಮಿಕ ಕರ್ತವ್ಯ. ಹೀಗಾಗಿ ಇಂಥ ಪ್ರಕರಣದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಯಾರು ಮೇಲಿದ್ದರು, ಯಾರು ಕೆಳಗಿದ್ದರು ಎಂಬುದೇ.

ಎರಡನೆಯ ಪ್ರಶ್ನೆ ನಿಮಗೆ ಅಷ್ಟು ಹಿತವಾಗದಿರಬಹುದು. ನಿಮ್ಮ ಪತ್ನಿಯವರು ನಿಂತಿದ್ದ ಜಾಗ ಮೇಲಿನಿಂದ ಬರುವವರಿಗೆ ಕಾಣುತ್ತಿತ್ತೇ, ಅಥವಾ ಏರಿನ ಮರೆಯಲ್ಲಿತ್ತೇ? ಮರೆಯಲ್ಲಿದ್ದರೆ ಎದುರು ಪಕ್ಷದವರು ಅವರ ಮೇಲೂ ಒಂದಿಷ್ಟು ತಪ್ಪು ಹೊರಿಸುತ್ತಾರೆ. ಅವರ ಪಾಲು ಎಷ್ಟೋ ಅಷ್ಟು ಪರಿಹಾರ ಕಡಿತವಾಗುತ್ತದೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚೆಂದು ತೀರ್ಮಾನವಾದರೆ ಏನೂ ಸಿಗುವುದಿಲ್ಲ.

ಪ್ರಶ್ನೆ (ಅದೇ ಸದಸ್ಯರಿಂದ): ಅಂಚಿನಲ್ಲಿದ್ದಳು, ಮೇಲಿನಿಂದ ಚೆನ್ನಾಗಿ ಕಾಣುತ್ತಿತ್ತು. ಇದನ್ನು ಸಾಬೀತುಪಡಿಸುವುದು ಹೇಗೆ?

ಉತ್ತರ: ಸಾಧ್ಯವಾದರೆ ಹಿಮ ಕರಗುವ ಮೊದಲೇ ಅಲ್ಲಿಗೆ ಹೋಗಿ, ಆಕೆ ನಿಂತಿದ್ದ ಜಾಗದಿಂದ ಮೇಲ್ಮುಖವಾಗಿಯೂ, ಸವಾರ ಬಂದ ದಾರಿಯಿಂದ ಕೆಳಮುಖವಾಗಿಯೂ ಫೋಟೋ ತೆಗೆಯಿರಿ. ಸ್ಕೀ ಪ್ಯಾಟ್ರೋಲ್‌ನವರು (ಇಳಿಜಾರಿನ ಸುರಕ್ಷತೆ ನೋಡಿಕೊಳ್ಳುವ ರಕ್ಷಣಾ ತಂಡದವರು) ಬರೆದ ಅಪಘಾತ ವರದಿಯನ್ನೂ ಸಾಕ್ಷಿಗಳ ಹೇಳಿಕೆಗಳನ್ನೂ ಕಾಯ್ದಿರಿಸುವಂತೆ ಕಂಪನಿಗೆ ಈಗಲೇ ಲಿಖಿತವಾಗಿ ತಿಳಿಸಿರಿ. ಗಾಯವಾದ ಡಿಕ್ಕಿಯಲ್ಲಿ ಭಾಗಿಯಾದವನು ತಾಣದ ಸಿಬ್ಬಂದಿಗೆ ಹೆಸರು, ವಿಳಾಸ ಕೊಡದೆ ಅಲ್ಲಿಂದ ತೆರಳುವಂತಿಲ್ಲವೆಂದು ಕಾಯ್ದೆಯೇ ಹೇಳುವುದರಿಂದ, ಆ ವಿವರ ವರದಿಯಲ್ಲಿ ಇರಬೇಕು. ಸವಾರನ ಹೆಲ್ಮೆಟ್‌ನಲ್ಲಿ ಕ್ಯಾಮೆರಾ ಇತ್ತೇ, ಆತ ವೇಗ ದಾಖಲಿಸುವ ಆ್ಯಪ್ ಬಳಸುತ್ತಿದ್ದನೇ ಎಂಬುದನ್ನೂ ವಿಚಾರಿಸಿ. ಇಂಥ ದಾವೆಗೆ ಇರುವ ಕಾಲಮಿತಿ ಎರಡು ವರ್ಷ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಆತನ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಬಹುದೇ?

ಉತ್ತರ: ಮೇಲೆ ಹೇಳಿದ ಘಟನೆಯಲ್ಲಿ ಅದು ಅಪರೂಪ, ಬರಿಯ ನಿರ್ಲಕ್ಷ್ಯ ಅದಕ್ಕೆ ಸಾಲದು. ಆದರೆ ಅಸಾಧ್ಯವೇನಲ್ಲ. ಇದಕ್ಕೆ ಆಧಾರವಾದ ತೀರ್ಪು ಬಂದದ್ದು ಇದೇ ರಾಜ್ಯದಲ್ಲಿ. 1997ರ ಏಪ್ರಿಲ್‌ನಲ್ಲಿ ವೇಲ್ ಪರ್ವತದಲ್ಲಿ, ಕೆಲಸ ಮುಗಿಸಿದ್ದ ಲಿಫ್ಟ್ ನೌಕರನೊಬ್ಬ ಉಬ್ಬುತಗ್ಗುಗಳಿದ್ದ ಕಡಿದಾದ ಇಳಿಜಾರಿನಲ್ಲಿ ಹತೋಟಿಯಿಲ್ಲದೆ ನೇರವಾಗಿ ಕೆಳಗೆ ನುಗ್ಗಿ ಒಬ್ಬರಿಗೆ ಗುದ್ದಿದ. ಅವರು ತಲೆಗೆ ಪೆಟ್ಟಾಗಿ ಮೃತಪಟ್ಟರು. ಸ್ಕೀ ಮಾಡುವುದರಿಂದ ಇನ್ನೊಬ್ಬರು ಸಾಯುವ ಸಂಭವ ಅರ್ಧಕ್ಕಿಂತ ಕಡಿಮೆ, ಆದ್ದರಿಂದ ಅದು ಗಣನೀಯ ಅಪಾಯವಲ್ಲ ಎಂಬ ತರ್ಕದಿಂದ ಕೆಳಗಿನ ನ್ಯಾಯಾಲಯ ವಿಚಾರಣೆಯನ್ನೇ ನಿರಾಕರಿಸಿತ್ತು. 2000ದಲ್ಲಿ ಕೊಲರಾಡೊ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿತು: ಅಪಾಯ ಗಣನೀಯವೆನಿಸಲು ಅದು ಘಟಿಸುವ ಸಂಭವವೇ ಹೆಚ್ಚಾಗಿರಬೇಕೆಂದಿಲ್ಲ, ಸಂಭವ ಎಷ್ಟು, ಆಗಬಹುದಾದ ಹಾನಿ ಎಂಥದ್ದು ಎಂಬೆರಡನ್ನೂ ಜೊತೆಗಿಟ್ಟು ತೂಗಬೇಕು. ಆತ ತರಬೇತಿ ಪಡೆದ ಸ್ಕೀ ಓಟಗಾರನಾಗಿದ್ದ ಸಂಗತಿಯೂ ಆತನಿಗೆ ವಿರುದ್ಧವಾಗಿಯೇ ನಿಂತಿತು. ಬಲ್ಲವನಿಗೆ ಅಪಾಯದ ಅರಿವಿರಲಿಲ್ಲ ಎನ್ನಲಾಗದು. ಕೊನೆಗೆ ಜ್ಯೂರಿ ನರಹತ್ಯೆಯ ಹೆಚ್ಚಿನ ಆರೋಪವನ್ನು ಬಿಟ್ಟು, ಕ್ರಿಮಿನಲ್ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ ಅಪರಾಧಕ್ಕೆ ತಪ್ಪಿತಸ್ಥನೆಂದಿತು. 90 ದಿನಗಳ ಜೈಲುವಾಸ ವಿಧಿಸಲಾಯಿತು. ಶಿಕ್ಷೆ ಸಣ್ಣದೆಂದು ಆಕ್ಷೇಪಿಸಿದವರಿದ್ದಾರೆ. ನನ್ನ ದೃಷ್ಟಿಯಲ್ಲಿ ಶಿಕ್ಷೆಗಿಂತ ಆ ತೀರ್ಪಿನ ತರ್ಕವೇ ಮುಖ್ಯ.

ಯುರೋಪಿನಲ್ಲಿ ಇದಕ್ಕೆ ಇಷ್ಟೊಂದು ಹಿಂಜರಿಕೆಯಿಲ್ಲ. 2009ರ ಜನವರಿ 1ರಂದು ಆಸ್ಟ್ರಿಯಾದಲ್ಲಿ, ಜರ್ಮನಿಯ ತುರಿಂಗಿಯಾ ರಾಜ್ಯದ ಅಂದಿನ ಮುಖ್ಯಸ್ಥ ಡೀಟರ್ ಆಲ್ಟ್‌ಹೌಸ್ ಅವರಿಗೆ ಡಿಕ್ಕಿಯಾಗಿ ಮಹಿಳೆಯೊಬ್ಬರು ಸಾವಿಗೀಡಾದರು. ಅದೇ ಮಾರ್ಚ್‌ನಲ್ಲಿ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ ಅಪರಾಧ ಸಾಬೀತಾಗಿ, ಅವರಿಗೆ 33,300 ಯೂರೋ ದಂಡ ಬಿತ್ತು.

ಮತ್ತೊಬ್ಬ ಸದಸ್ಯರ ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಟಾಹೋ ಸರೋವರದ ಬಳಿಯ ಸ್ಕೀ ತಾಣಗಳಿಗೆ ಹೋಗುತ್ತೇವೆ. ಅಲ್ಲಿಯೂ ಇದೇ ನಿಯಮವೇ?

ಉತ್ತರ: ಅಲ್ಲ, ಬಹಳ ಜನ ಎಡವುವುದು ಇಲ್ಲಿಯೇ. 1997ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್, ಜೊತೆಗೆ ಸ್ಕೀ ಮಾಡುತ್ತಿದ್ದ ಇಬ್ಬರು ಸ್ನೇಹಿತರ ಪ್ರಕರಣದಲ್ಲಿ, ಸಾಮಾನ್ಯ ಅಜಾಗರೂಕತೆಯಿಂದಾದ ಡಿಕ್ಕಿ ಆ ಆಟದ ಸಹಜ ಅಪಾಯವೆಂದಿತು. ಬೇಕೆಂದೇ ಗಾಯಗೊಳಿಸಿದರೆ ಅಥವಾ ಆಟದ ಪರಿಮಿತಿಯನ್ನೇ ಮೀರಿದ ದುಡುಕಿನಿಂದ ವರ್ತಿಸಿದರೆ ಮಾತ್ರ ಅಲ್ಲಿ ಹೊಣೆ. ಒಂದೇ ಬಗೆಯ ಗುದ್ದಿಗೆ ಡೆನ್ವರ್‌ನಲ್ಲಿ ಪರಿಹಾರ ಸಿಕ್ಕು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಸಿಗದೆ ಹೋಗಬಹುದು. ಯೂಟಾದಲ್ಲಿ ನಟಿ ಗ್ವಿನೆತ್ ಪಾಲ್ಟ್ರೋ ಅವರ ವಿರುದ್ಧ ಹೂಡಿದ್ದ ಮೊಕದ್ದಮೆ ಅನೇಕರಿಗೆ ನೆನಪಿರಬಹುದು. 2016ರ ಡಿಕ್ಕಿಯ ಬಗ್ಗೆ 2023ರಲ್ಲಿ ವಿಚಾರಣೆ ನಡೆದಾಗಲೂ ಇಡೀ ವಾದ ತಿರುಗಿದ್ದು ಯಾರು ಮೇಲಿದ್ದರು ಎಂಬುದರ ಸುತ್ತಲೇ. ದಾವೆ ಹೂಡಿದವರದೇ ಪೂರ್ಣ ತಪ್ಪೆಂದು ಜ್ಯೂರಿ ಹೇಳಿತು, ನಟಿಗೆ ಅವರು ಪ್ರತಿದಾವೆಯಲ್ಲಿ ಕೇಳಿದ್ದ 1 ಡಾಲರ್ ಸಿಕ್ಕಿತು.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಗುಲ್ಮಾರ್ಗ್‌ನಲ್ಲಿ ಹೀಗಾದರೆ?

ಉತ್ತರ: ಸಾಮಾನ್ಯ ಕಾನೂನೇ ಅನ್ವಯ. ಗುದ್ದಿದವನ ಕೃತ್ಯ ದುಡುಕಿನದು ಅಥವಾ ನಿರ್ಲಕ್ಷ್ಯದ್ದೆಂದು ಸಾಬೀತಾದರೆ, ತೀವ್ರ ಗಾಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ ಮೂರು ವರ್ಷಗಳವರೆಗೆ, ಸಾವಿಗೆ 106ನೇ ಕಲಮಿನಡಿ ಐದು ವರ್ಷಗಳವರೆಗೆ ಶಿಕ್ಷೆಗೆ ಅವಕಾಶವಿದೆ. ಪರಿಹಾರಕ್ಕೆ ಬೇರೆಯಾಗಿ ಸಿವಿಲ್ ದಾವೆ ಹೂಡಬೇಕು.

ಪ್ರಶ್ನೆ (ಮೊದಲ ಸದಸ್ಯರಿಂದ): ಆತ ಕ್ಷಮೆ ಕೇಳಿ ಸಂದೇಶ ಕಳುಹಿಸಿದ್ದಾನೆ, ಒಂದು ಪತ್ರಕ್ಕೆ ಸಹಿ ಹಾಕಿದರೆ 2,000 ಡಾಲರ್ ಕೊಡುತ್ತಾನಂತೆ. ಒಪ್ಪಬಹುದೇ? ವಿದ್ಯಾರ್ಥಿಯಂತೆ ಕಾಣುತ್ತಾನೆ, ಅವನ ಬಳಿ ಹೆಚ್ಚೇನೂ ಇರಲಿಕ್ಕಿಲ್ಲ.

ಉತ್ತರ: ಈಗ ಒಪ್ಪಬೇಡಿ. ಅಂಥ ಪತ್ರದಲ್ಲಿ ಸಾಮಾನ್ಯವಾಗಿ ಮುಂದಿನ ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಡುವ ಸಾಲು ಇರುತ್ತದೆ, ಮತ್ತು ಶಸ್ತ್ರಚಿಕಿತ್ಸೆ, ಫಿಸಿಯೋಥೆರಪಿ, ಕೆಲಸಕ್ಕೆ ಹೋಗದ ದಿನಗಳ ಸಂಬಳ ಸೇರಿ ಒಟ್ಟು ಖರ್ಚೆಷ್ಟು ಎಂಬುದು ಇನ್ನೂ ನಿಮಗೇ ಗೊತ್ತಿಲ್ಲ. ನಿಮ್ಮ ಆರೋಗ್ಯ ವಿಮಾ ಕಂಪನಿಯೂ ತಾನು ಕಟ್ಟಿದ ಹಣವನ್ನು ಪರಿಹಾರದ ಮೊತ್ತದಿಂದ ಹಿಂದಕ್ಕೆ ಕೇಳಬಹುದು. ಸಂದೇಶವನ್ನು ಅಳಿಸದೆ ಇಟ್ಟುಕೊಳ್ಳಿ. ಆತನ ಕೈಯಲ್ಲಿ ಹಣವಿಲ್ಲದಿದ್ದರೂ, ಆತ ಬಾಡಿಗೆದಾರರ ವಿಮೆ ಮಾಡಿಸಿದ್ದರೆ ಅಥವಾ ತಂದೆತಾಯಿಯ ಮನೆ ವಿಮೆಯಡಿ ಬರುವುದಾದರೆ, ಇಂಥ ಹೊಣೆಯನ್ನು ಬಹುಮಟ್ಟಿಗೆ ವಿಮೆಯೇ ಭರಿಸುತ್ತದೆ. ಆದ್ದರಿಂದ ಯಾವ ವಿಮೆಯಿದೆ ಎಂಬುದನ್ನು ಆತನಿಂದ ಬರವಣಿಗೆಯಲ್ಲಿ ಕೇಳಿ, ಬಂದ ಉತ್ತರವನ್ನು ಪ್ಯಾಟ್ರೋಲ್ ವರದಿಯ ಜೊತೆಗೆ ನಿಮ್ಮ ಊರಿನ ವಕೀಲರಿಗೆ ತೋರಿಸಿರಿ.