ತೋಡಿನ ಬಂಡೆ ಮೇಲೆ ಕೂರುವ ಈ ಏರೋಪ್ಲೇನ್ ಚಿಟ್ಟೆ ಯಾವುದು?

ತೋಟದಮನೆ: ವಿರಾಜಪೇಟೆ ಹತ್ತಿರ ನಮ್ಮ ಕಾಫಿ ತೋಟದ ಕೆಳಗಿನ ತೋಡಿನಲ್ಲಿ ಕಾಣುತ್ತದೆ. ಕಪ್ಪು ಮೈ, ಹಳದಿ ಪಟ್ಟೆ, ಬಾಲದ ತುದಿ ಉಬ್ಬಿದೆ. ಗದ್ದೆಯಲ್ಲಿ ಒಂದೂ ಇಲ್ಲ, ಯಾಕೆ?

ಹೊಳೆಬದಿ: ಕಣ್ಣು ನೋಡಿದ್ರಾ? ಎರಡರ ನಡುವೆ ಚೆನ್ನಾಗಿ ಜಾಗ ಇದ್ದರೆ ಗಾಂಫಿಡೇ ಕುಟುಂಬದ್ದೇ ಇರಬೇಕು. ಗದ್ದೆ ಮೇಲೆ ಜಾಸ್ತಿ ಹಾರುವವು ಲಿಬೆಲ್ಲುಲಿಡೇ ಅನ್ನೋ ಬೇರೆ ಕುಟುಂಬದವು, ಅವುಗಳ ಕಣ್ಣು ತಲೆ ಮೇಲೆ ಒಂದಕ್ಕೊಂದು ತಾಗಿರುತ್ತವೆ. ಗಾಂಫಿಡೇ ಮರಿಗಳು ಹೆಚ್ಚಾಗಿ ಹೊಳೆ ತಳದ ಮರಳಿನಲ್ಲಿ ಹೂತುಕೊಂಡು, ಹಿಂಭಾಗದ ತುದಿ ಮಾತ್ರ ಮೇಲಿಟ್ಟು ಉಸಿರಾಡುತ್ತವೆ, ಹತ್ತಿರ ಬಂದ ಹುಳ ಹಿಡಿದು ತಿನ್ನುತ್ತವೆ, ಅದಕ್ಕೇ ಹರಿಯುವ ನೀರು ಬೇಕು.

ಕಾಡುದಾರಿ: ಎಲ್ಲವೂ ಹಾಗಲ್ಲ ಸರ್, ಗಾಂಫಿಡೇ ಕುಟುಂಬದ್ದೇ ಆದ ಇಕ್ಟಿನೋಗಾಂಫಸ್ ಕೆರೆ ಬದಿಯ ಕಡ್ಡಿ ತುದಿಯಲ್ಲೂ ಕೂರುತ್ತದೆ.

ತೋಟದಮನೆ: ಕಣ್ಣು ದೂರವೇ ಇವೆ! ಮರಿಗೆ ತೊಂದರೆ ಆಗದಂತೆ ಏನು ಮಾಡಲಿ?

ಹೊಳೆಬದಿ: ಮರಳು ತೆಗೆಯಬೇಡಿ, ಔಷಧಿ ಹೊಡೆದ ಪಂಪನ್ನು ಅಲ್ಲಿ ತೊಳೆಯಬೇಡಿ. ದಡದ ಮರಗಳೂ ಇರಲಿ.