ತಾತ್ಕಾಲಿಕ ಪೇಸ್‌ಮೇಕರ್: ಸ್ಪೈಕ್ ಬರುತ್ತಿದೆ, ನಾಡಿ ಸಿಗುತ್ತಿಲ್ಲ. ಮೊದಲು ಏನನ್ನು ನೋಡಬೇಕು?

ಪ್ರಶ್ನೆ: ಐಸಿಯು ಶುಶ್ರೂಷಕಿ, ಕೋಲಾರ

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುತ್ತೇನೆ. ಹೃದಯದ ಕೆಳಭಿತ್ತಿಗೆ ಆಘಾತವಾಗಿ, ಅದರೊಂದಿಗೆ ಸಂಪೂರ್ಣ ಹಾರ್ಟ್ ಬ್ಲಾಕ್ (ಹೃದಯದ ಮೇಲಿನ ಕೋಣೆಗಳ ವಿದ್ಯುತ್ ಸಂಕೇತ ಕೆಳಗಿನ ಕೋಣೆಗಳಿಗೆ ತಲುಪದ ಸ್ಥಿತಿ) ಕೂಡ ಆಗಿ ಬಂದ ಹಿರಿಯ ರೈತರೊಬ್ಬರಿಗೆ ಬಲ ತೊಡೆಸಂದಿನ ಅಭಿಧಮನಿಯ ಮೂಲಕ ತಾತ್ಕಾಲಿಕ ಪೇಸ್‌ಮೇಕರ್ ಲೀಡ್ (ಹೊರಗಿನ ಪೆಟ್ಟಿಗೆಯಿಂದ ಹೃದಯಕ್ಕೆ ವಿದ್ಯುತ್ತು ಒಯ್ಯುವ ತಂತಿ) ಹಾಕಲಾಗಿದೆ. ಹಾಕಿದ ದಿನ ಥ್ರೆಶೋಲ್ಡ್ (ಹೃದಯ ಬಡಿಯುವಂತೆ ಮಾಡಲು ಬೇಕಾಗುವ ಕನಿಷ್ಠ ವಿದ್ಯುತ್ತು) 0.6 ಮಿಲಿಆಂಪಿಯರ್ ಇತ್ತು. ಪೆಟ್ಟಿಗೆ ಕಳುಹಿಸುವ ವಿದ್ಯುತ್ತನ್ನು, ಅಂದರೆ ಔಟ್‌ಪುಟ್ ಅನ್ನು 3 ಮಿಲಿಆಂಪಿಯರ್‌ಗೆ, ದರವನ್ನು ನಿಮಿಷಕ್ಕೆ 70ಕ್ಕೆ ಇಟ್ಟಿದ್ದರು.

ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಅವರು ಅಭ್ಯಾಸಬಲದಿಂದ ಮಂಚದ ಮೇಲೆ ಎದ್ದು ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಲು ಹೋದರು. ಸ್ವಲ್ಪ ಹೊತ್ತಿನಲ್ಲೇ ಕಣ್ಣು ಕತ್ತಲೆ ಬರುತ್ತಿದೆ ಎಂದರು. ಮಾನಿಟರ್ ಹೃದಯ ಬಡಿತವನ್ನು 70 ಎಂದೇ ತೋರಿಸುತ್ತಿತ್ತು, ಅಲಾರಂ ಕೂಗಲಿಲ್ಲ, ಪೆಟ್ಟಿಗೆಯ ಪೇಸ್ ದೀಪವೂ ಕ್ರಮವಾಗಿ ಮಿನುಗುತ್ತಿತ್ತು. ಆದರೆ ಮುಂಗೈ ಹಿಡಿದಾಗ ನಾಡಿ ಅದರ ಅರ್ಧದಷ್ಟೂ ಇರಲಿಲ್ಲ. ಇಸಿಜಿಯನ್ನು ಗಮನಿಸಿ ನೋಡಿದರೆ ಪ್ರತಿ ಸ್ಪೈಕ್ (ಪೇಸ್‌ಮೇಕರ್ ಕಳುಹಿಸುವ ವಿದ್ಯುತ್ತಿನ ಚೂಪು ಗೆರೆ) ಆದ ಮೇಲೆ ಬರಿಯ ಸಪಾಟು ಗೆರೆ ಇತ್ತು, ನಡುನಡುವೆ ಅವರದೇ ನಿಧಾನ ಬಡಿತ ಒಂದೊಂದು ಬರುತ್ತಿತ್ತು. ಕರ್ತವ್ಯದ ವೈದ್ಯರು ಔಟ್‌ಪುಟ್ ಅನ್ನು 8ಕ್ಕೆ ಏರಿಸಿದ ಕೂಡಲೇ ಬಡಿತ ಹಿಡಿಯಿತು. ಈಗ ರೋಗಿ ಆರಾಮವಾಗಿದ್ದಾರೆ.

ಇಂಥ ಸಂದರ್ಭದಲ್ಲಿ ಯಾವ ಕ್ರಮದಲ್ಲಿ ಪರೀಕ್ಷಿಸಬೇಕು ಮತ್ತು 8 ಮಿಲಿಆಂಪಿಯರ್‌ನಲ್ಲಿ ಸರಿಹೋಯಿತೆಂದು ಹಾಗೆಯೇ ಬಿಡಬಹುದೇ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ: ಹೃದ್ರೋಗ ವೈದ್ಯ, ತುಮಕೂರು

ನೀವು ನಾಡಿ ಹಿಡಿದು ನೋಡಿದ್ದೇ ಈ ಪ್ರಕರಣದಲ್ಲಿ ನಿರ್ಣಾಯಕವಾಯಿತು. ಮೊದಲು ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ: ಹಾಗೆಯೇ ಬಿಡಬಾರದು.

ಲೀಡ್‌ನ ತುದಿ ಬಲ ಹೃತ್ಕುಕ್ಷಿಯ (ಹೃದಯದ ಕೆಳಗಿನ ಬಲ ಕೋಣೆಯ) ಒಳಗೋಡೆಗೆ, ಸಾಮಾನ್ಯವಾಗಿ ಅದರ ತುದಿಭಾಗಕ್ಕೆ, ಒತ್ತಿಕೊಂಡಿದ್ದರೆ ಮಾತ್ರ ಅತ್ಯಲ್ಪ ವಿದ್ಯುತ್ತಿನಿಂದ ಸ್ನಾಯು ಸ್ಪಂದಿಸುತ್ತದೆ. 1 ಮಿಲಿಆಂಪಿಯರ್‌ಗಿಂತ ಕಡಿಮೆ ಥ್ರೆಶೋಲ್ಡ್ ಸಿಕ್ಕರೆ ಲೀಡ್ ಒಳ್ಳೆಯ ಜಾಗದಲ್ಲಿ ಕುಳಿತಿದೆ ಎಂದು ತಿಳಿಯುತ್ತೇವೆ. ತೊಡೆಸಂದಿನಿಂದ ಹೋದ ಲೀಡ್, ರೋಗಿ ಸೊಂಟದ ಬಳಿ ಕಾಲು ಮಡಚಿದಾಗಲೆಲ್ಲ ಒಳಕ್ಕೋ ಹೊರಕ್ಕೋ ಸರಿಯುತ್ತದೆ. ತುದಿ ಕೂದಲೆಳೆಯಷ್ಟು ದೂರ ಸರಿದರೂ ಮೊದಲಿನ 3 ಮಿಲಿಆಂಪಿಯರ್ ಸ್ನಾಯುವನ್ನು ಪ್ರಚೋದಿಸಲು ಸಾಲದು, 8 ಸಾಕಾಗಬಹುದು. ಆದರೆ ತುದಿ ಇನ್ನೊಂದಿಷ್ಟು ಸರಿದರೆ ಪೆಟ್ಟಿಗೆಯ ಗರಿಷ್ಠ ಔಟ್‌ಪುಟ್ ಕೂಡ ಸಾಲದೇ ಹೋಗುತ್ತದೆ. ಆದ್ದರಿಂದ ಔಟ್‌ಪುಟ್ ಏರಿಸುವುದು ಸಮಯ ಗಳಿಸುವ ಉಪಾಯವೇ ಹೊರತು ಪರಿಹಾರವಲ್ಲ. ಇಂದೇ ಥ್ರೆಶೋಲ್ಡ್ ಅನ್ನು ಮತ್ತೆ ಅಳೆಯಿಸಿ, ಎದೆಯ ಎಕ್ಸ್‌ರೇ ಮತ್ತು ಹನ್ನೆರಡು ಲೀಡ್‌ಗಳ ಇಸಿಜಿ ತೆಗೆಸಿ.

ಆ ಇಸಿಜಿಯನ್ನು ಹಿಂದಿನದರ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಬಲ ಹೃತ್ಕುಕ್ಷಿಯಿಂದ ಪೇಸಿಂಗ್ ಆಗುತ್ತಿದ್ದರೆ ಎಡ ಬಂಡಲ್ ಬ್ಲಾಕ್‌ನಂಥ (ಹೃದಯದ ಎಡ ವಾಹಕ ಕವಲು ತಡೆಗೊಂಡಾಗ ಕಾಣುವಂಥ) ಅಗಲವಾದ ಕ್ಯೂಆರ್‌ಎಸ್, ಅಂದರೆ ಹೃತ್ಕುಕ್ಷಿಯ ಬಡಿತದ ಅಲೆ, ಬರಬೇಕು. ಅದು ಹೊಸದಾಗಿ ಬಲ ಬಂಡಲ್ ಬ್ಲಾಕ್‌ನ ರೂಪಕ್ಕೆ ತಿರುಗಿದ್ದರೆ ಲೀಡ್ ಗೋಡೆಯನ್ನು ತೂರಿದೆಯೇ ಎಂದು ಅನುಮಾನಿಸಬೇಕು. ಪೇಸಿಂಗ್‌ನ ಲಯಕ್ಕೆ ಸರಿಯಾಗಿ ಬಿಕ್ಕಳಿಕೆ ಬರುವುದು, ಹೊಟ್ಟೆಯ ಸ್ನಾಯು ಅದುರುವುದು, ಹೊಸದಾಗಿ ಎದೆನೋವು ಕಾಣಿಸಿಕೊಳ್ಳುವುದು ಇವೂ ಅದೇ ಅನುಮಾನಕ್ಕೆ ಕಾರಣಗಳು. ಬಿಕ್ಕಳಿಕೆಯು ಹೆಚ್ಚಿಸಿದ ಔಟ್‌ಪುಟ್‌ನಿಂದಲೂ ಬರುತ್ತದೆಂಬುದು ನಿಜ, ಆದರೆ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ ಹೃದಯದ ಸುತ್ತ ರಕ್ತ ಸೇರಿಲ್ಲವೆಂದು ಖಚಿತಪಡಿಸಿಕೊಳ್ಳುವವರೆಗೆ ಆ ಸಮಾಧಾನಕ್ಕೆ ಬರಬೇಡಿ.

ಇನ್ನು ಕ್ರಮದ ವಿಚಾರ. ಮೊದಲು ರೋಗಿ, ಆಮೇಲೆ ಪೆಟ್ಟಿಗೆ. ನಾಡಿಯೇ ಸಿಗದಿದ್ದರೆ ಗುಂಡಿಗಳನ್ನು ತಿರುಗಿಸುತ್ತ ನಿಲ್ಲದೆ ಎದೆ ಒತ್ತಲು ಆರಂಭಿಸಿ, ಸಹಾಯಕ್ಕೆ ಕರೆಯಿರಿ. ನಾಡಿ ನಿಧಾನವಾಗಿದ್ದರೆ ರೋಗಿಯನ್ನು ಮಲಗಿಸಿ, ಕಾಲು ನೇರ ಮಾಡಿ, ನಿಮ್ಮ ಘಟಕದ ನಿಯಮದಂತೆ ಔಟ್‌ಪುಟ್ ಅನ್ನು ಗರಿಷ್ಠಕ್ಕೆ ಏರಿಸಿ, ತಂತಿಗಳ ಜೋಡಣೆಯನ್ನು ಬೆರಳಿಟ್ಟು ಪರೀಕ್ಷಿಸಿ. ಎಡ ಮಗ್ಗುಲಿಗೆ ಹೊರಳಿಸಿದಾಗ ತುದಿ ಮತ್ತೆ ಗೋಡೆಗೆ ತಾಗಿ ಬಡಿತ ಮರಳುವುದನ್ನು ನಾನು ನೋಡಿದ್ದೇನೆ. ಇಷ್ಟಕ್ಕೂ ಬಗ್ಗದಿದ್ದರೆ ಎದೆಯ ಮೇಲಿನ ಪ್ಯಾಡ್‌ಗಳ ಮೂಲಕ ಪೇಸಿಂಗ್ ಮಾಡಬೇಕು. ಅಲ್ಲಿ ಬೇಕಾಗುವ ವಿದ್ಯುತ್ತು ಬಹಳ ಹೆಚ್ಚು, ಅನೇಕರಲ್ಲಿ 40ರಿಂದ 80 ಮಿಲಿಆಂಪಿಯರ್. ಎಚ್ಚರವಿರುವ ರೋಗಿಗೆ ಅದು ಬಹಳ ನೋವು ಕೊಡುವುದರಿಂದ ನೋವು ನಿವಾರಕ, ಮಂಪರಿನ ಔಷಧ ಬೇಕಾಗುತ್ತದೆ. ಬಡಿತ ಹೆಚ್ಚಿಸುವ ಔಷಧಗಳಾದ ಅಟ್ರೋಪಿನ್, ಅಡ್ರಿನಾಲಿನ್ ಕೈಗೆಟುಕುವಂತಿರಲಿ.

ಲೀಡ್ ಸರಿಯದೆಯೂ ಥ್ರೆಶೋಲ್ಡ್ ಏರುವುದುಂಟು. ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚುವುದು, ಆಮ್ಲೀಯತೆ, ಆಮ್ಲಜನಕದ ಕೊರತೆ, ಹೃದಯ ಸ್ನಾಯುವಿಗೆ ಮತ್ತೆ ರಕ್ತ ಕಡಿಮೆಯಾಗುವುದು, ಲಯ ಸರಿಪಡಿಸುವ ಕೆಲವು ಔಷಧಗಳು ಇವೆಲ್ಲ ಅದಕ್ಕೆ ಕಾರಣವಾಗುತ್ತವೆ. ಹಾಗಾಗಿ ಎಕ್ಸ್‌ರೇಯಲ್ಲಿ ತುದಿ ಸ್ವಸ್ಥಾನದಲ್ಲೇ ಕಂಡರೆ ರಕ್ತಪರೀಕ್ಷೆಯ ವರದಿಗಳನ್ನು ಬಿಡಿಸಿ ನೋಡಿ.

ಉತ್ತರ: ಜೈವಿಕ ವೈದ್ಯಕೀಯ ತಂತ್ರಜ್ಞ, ಚಿಕ್ಕಬಳ್ಳಾಪುರ

ವೈದ್ಯರು ರೋಗಿಯ ಕಡೆಯದನ್ನು ಹೇಳಿದ್ದಾರೆ, ನಾನು ಯಂತ್ರದ ಕಡೆಯದನ್ನು ಹೇಳುತ್ತೇನೆ. ನಮ್ಮ ಎರಡೂ ಜಿಲ್ಲೆಗಳ ರೈತರಿಗೆ ಗೊತ್ತಿರುವಂತೆ, ಸ್ಟಾರ್ಟರ್‌ನ ದೀಪ ಉರಿದ ಮಾತ್ರಕ್ಕೆ ಕೊಳವೆಬಾವಿಯಿಂದ ನೀರು ಬಂತೆಂದು ಅರ್ಥವಲ್ಲ. ಪೇಸ್ ದೀಪವೂ ಹಾಗೆಯೇ, ಪೆಟ್ಟಿಗೆ ವಿದ್ಯುತ್ತನ್ನು ಕಳುಹಿಸಿತು ಎಂಬುದನ್ನಷ್ಟೇ ಅದು ಹೇಳುತ್ತದೆ.

ಮಾನಿಟರ್ 70 ಎಂದು ತೋರಿಸಿದ್ದಕ್ಕೂ ಕಾರಣವಿದೆ. ಹೆಚ್ಚಿನ ಮಾನಿಟರ್‌ಗಳಲ್ಲಿ ರೋಗಿಗೆ ಪೇಸ್‌ಮೇಕರ್ ಇದೆ ಎಂದು ಸೂಚಿಸುವ ಆಯ್ಕೆಯೊಂದು ಇರುತ್ತದೆ. ಅದನ್ನು ಚಾಲೂ ಮಾಡದಿದ್ದರೆ ಯಂತ್ರವು ಸ್ಪೈಕ್‌ಗಳನ್ನೇ ಬಡಿತಗಳೆಂದು ಎಣಿಸಬಹುದು, ಮತ್ತು ಹೃದಯ ನಿಂತೇ ಹೋದರೂ ಅಲಾರಂ ಸುಮ್ಮನಿರಬಹುದು. ಚಾಲೂ ಮಾಡಿದ್ದರೂ ಆ ಅಂಕಿಯನ್ನು ಪೂರ್ತಿ ನಂಬಬೇಡಿ. ಬೆರಳಿಗೆ ಹಾಕಿದ ಆಕ್ಸಿಮೀಟರ್‌ನ ಅಲೆಯೂ ಅದು ಕೊಡುವ ನಾಡಿಯ ಅಂಕಿಯೂ ಪರದೆಯ ಮೇಲೆ ಸದಾ ಕಾಣುವಂತಿಡಿ. ಸ್ಪೈಕ್‌ಗೊಂದು ಅಲೆ ಬರುತ್ತಿದ್ದರೆ ರಕ್ತ ನಿಜವಾಗಿಯೂ ಹರಿಯುತ್ತಿದೆ ಎಂದರ್ಥ.

ಸ್ಪೈಕ್ ಇಲ್ಲವೇ ಇಲ್ಲ ಎಂದಾದರೆ ಅದು ಬೇರೆಯದೇ ದೋಷ. ಆಗ ಬ್ಯಾಟರಿ, ಕೇಬಲ್, ತಿರುಪು ಸಡಿಲವಾದ ಕನೆಕ್ಟರ್ ಇವನ್ನು ನೋಡಬೇಕು. ಲೀಡ್‌ನ ತುದಿಯ ಎಲೆಕ್ಟ್ರೋಡ್ ಪೆಟ್ಟಿಗೆಯ ಋಣ ತುದಿಗೂ, ಹಿಂದಿನ ಉಂಗುರ ಧನ ತುದಿಗೂ ಸೇರಿರಬೇಕು. ಬಹುಪಾಲು ಪೆಟ್ಟಿಗೆಗಳು 9 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತವೆ. ಪ್ರತಿ ಹೊಸ ರೋಗಿಗೆ ಹೊಸ ಬ್ಯಾಟರಿ ಹಾಕಿ, ಹಾಕಿದ ದಿನಾಂಕವನ್ನು ಪಟ್ಟಿಯ ಮೇಲೆ ಬರೆದು ಅಂಟಿಸಿ. ಬ್ಯಾಟರಿ ತೆಗೆದ ಮೇಲೂ ಕೆಲವು ಸೆಕೆಂಡು ನಡೆಯುವ ಮಾದರಿಗಳಿವೆ, ತಕ್ಷಣ ನಿಲ್ಲುವ ಹಳೆಯ ಮಾದರಿಗಳೂ ಇವೆ. ನಿಮ್ಮಲ್ಲಿರುವುದು ಯಾವುದೆಂದು ರೋಗಿಗೆ ಜೋಡಿಸುವ ಮೊದಲೇ ಕೈಪಿಡಿಯಲ್ಲಿ ನೋಡಿಡಿ.

ಲೀಡ್‌ನ ತೆರೆದ ಲೋಹದ ತುದಿಗಳನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ, ಕೈಗವಸು ಧರಿಸಿ. ಚರ್ಮದ ರಕ್ಷಣೆಯನ್ನು ದಾಟಿ ನೇರವಾಗಿ ಹೃದಯಕ್ಕೆ ಹೋಗುವ ತಂತಿ ಅದು. ಹೊರಗಿನಿಂದ ಅರಿವಿಗೇ ಬಾರದಷ್ಟು ಸಣ್ಣ ಸೋರಿಕೆ ವಿದ್ಯುತ್ತೂ ಆ ದಾರಿಯಲ್ಲಿ ಹೋದರೆ ಲಯವನ್ನು ಕೆಡಿಸಬಲ್ಲದು.

ಪ್ರಸ್ತುತವಾದ್ದರಿಂದ ಒಂದು ಮಾತು. ಆರಂಭದ ಪೇಸ್‌ಮೇಕರ್‌ಗಳು ಗೋಡೆಯ ವಿದ್ಯುತ್ತನ್ನೇ ನೆಚ್ಚಿಕೊಂಡಿದ್ದವು. 1957ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ವಿದ್ಯುತ್ ಹೋದ ಬಳಿಕ ಶಸ್ತ್ರವೈದ್ಯ ವಾಲ್ಟನ್ ಲಿಲ್ಲೆಹೈ ಅವರ ಕೋರಿಕೆಯ ಮೇರೆಗೆ ಎಂಜಿನಿಯರ್ ಅರ್ಲ್ ಬಾಕೆನ್ ಅವರು ಬ್ಯಾಟರಿಯಿಂದ ನಡೆಯುವ, ಮೈಮೇಲೆ ಧರಿಸಬಹುದಾದ ಪೆಟ್ಟಿಗೆಯನ್ನು ರಚಿಸಿದರು. ಕರೆಂಟು ಯಾವಾಗ ಹೋಗುತ್ತದೋ ತಿಳಿಯದ ನಮ್ಮ ಊರುಗಳಲ್ಲಿ ಈ ಚಿಕಿತ್ಸೆ ಸಾಧ್ಯವಾಗಿರುವುದು ಆ ಬ್ಯಾಟರಿಯಿಂದ. ಒಂದು ಬಿಡಿ ಬ್ಯಾಟರಿ ಮಂಚದ ಬಳಿಯಲ್ಲೇ ಇರಲೇಬೇಕೆಂದು ನಾನು ಹಟ ಹಿಡಿಯುವುದು ಅದಕ್ಕಾಗಿಯೇ.

ಮುಂದುವರಿದ ಮಾಹಿತಿ: ಐಸಿಯು ಶುಶ್ರೂಷಕಿ, ಕೋಲಾರ

ಇಬ್ಬರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಅಳೆದಾಗ ಥ್ರೆಶೋಲ್ಡ್ 5 ಮಿಲಿಆಂಪಿಯರ್‌ಗೆ ಏರಿತ್ತು. ಎಕ್ಸ್‌ರೇಯಲ್ಲಿ ತುದಿಯು ಹಿಂದಕ್ಕೆ ಸರಿದಿರುವುದು ಸ್ಪಷ್ಟವಾಗಿ ಕಂಡಿತು. ಪೊಟ್ಯಾಸಿಯಂ ಸಹಜವಾಗಿದೆ, ಎಕೋದಲ್ಲಿ ಹೃದಯದ ಸುತ್ತ ದ್ರವವಿಲ್ಲ. ಹೃದ್ರೋಗ ವೈದ್ಯರು ಎಕ್ಸ್‌ರೇ ಪರದೆಯಲ್ಲಿ ನೋಡುತ್ತಲೇ ಲೀಡ್ ಅನ್ನು ಮತ್ತೆ ಕೂರಿಸಿದ ಮೇಲೆ ಥ್ರೆಶೋಲ್ಡ್ 0.7ಕ್ಕೆ ಇಳಿದಿದೆ. ಚರ್ಮದ ಬಳಿ ಲೀಡ್‌ನ ಅಳತೆಯ ಗುರುತು ಎಷ್ಟರಲ್ಲಿದೆ ಎಂಬುದನ್ನು ಈಗ ಪ್ರತಿ ಪಾಳಿಯಲ್ಲೂ ಬರೆಯುತ್ತಿದ್ದೇವೆ. ಮಾನಿಟರ್‌ನ ಪೇಸ್‌ಮೇಕರ್ ಆಯ್ಕೆ ನಿಜವಾಗಿಯೂ ಆಫ್ ಆಗಿತ್ತು.

ಕಾಲು ಮಡಚಬಾರದೆಂದು ರೋಗಿಗೂ ಅವರ ಮಗನಿಗೂ ವಿವರಿಸಿದ್ದೇನೆ. ತಲೆಯ ಕಡೆ 30 ಡಿಗ್ರಿಯಷ್ಟು ಮಾತ್ರ ಎತ್ತಿ, ಮುದ್ದೆಯನ್ನು ಸಣ್ಣ ತುತ್ತು ಮಾಡಿ ಮಗನೇ ತಿನ್ನಿಸುತ್ತಿದ್ದಾನೆ.

ಸಂಬಂಧಿಸಿದ ಪ್ರಶ್ನೆ: ಶುಶ್ರೂಷಾಧಿಕಾರಿ, ತಿಪಟೂರು

ಇದೇ ಚರ್ಚೆಯಲ್ಲಿ ಕೇಳುವುದಕ್ಕೆ ಕ್ಷಮೆಯಿರಲಿ. ನಮ್ಮ ರೋಗಿಯಲ್ಲಿ ಸ್ವಂತ ಬಡಿತ ಮರಳಿದೆ, ಆದರೂ ಪೆಟ್ಟಿಗೆ ಅದನ್ನು ಲೆಕ್ಕಿಸದೆ ಸ್ಪೈಕ್‌ಗಳನ್ನು ಎಲ್ಲೆಂದರಲ್ಲಿ ಹಾಕುತ್ತಿದೆ. ಸೆನ್ಸಿಟಿವಿಟಿಯ ಅಂಕಿಯನ್ನು ಹೆಚ್ಚಿಸಬೇಕೇ?

ಉತ್ತರ: ಹೃದ್ರೋಗ ವೈದ್ಯ, ತುಮಕೂರು

ಹೆಚ್ಚಿಸಬಾರದು, ತಗ್ಗಿಸಬೇಕು. ಅನೇಕರು ತಡವರಿಸುವ ಜಾಗ ಇದು. ಮಿಲಿವೋಲ್ಟ್ ಅಂಕಿಯು, ಎಷ್ಟು ದೊಡ್ಡ ಸಂಕೇತ ಬಂದರೆ ಪೆಟ್ಟಿಗೆ ಗಮನಿಸಬೇಕು ಎಂಬುದರ ಮಿತಿ. ಅದು 5 ಇದ್ದು ಹೃದಯದ ಸಂಕೇತ 3 ಮಾತ್ರ ಇದ್ದರೆ ಪೆಟ್ಟಿಗೆಗೆ ಆ ಬಡಿತ ಕಾಣುವುದಿಲ್ಲ. 2ಕ್ಕೆ ಇಳಿಸಿದರೆ ಕಾಣುತ್ತದೆ. ಕಾಣದ ಪೆಟ್ಟಿಗೆಯು ಹಾಕುವ ಸ್ಪೈಕ್ ಒಮ್ಮೆ ಟಿ ಅಲೆಯ (ಬಡಿತದ ನಂತರ ಹೃತ್ಕುಕ್ಷಿ ಚೇತರಿಸಿಕೊಳ್ಳುವ ಘಟ್ಟದ) ಮೇಲೆ ಬಿದ್ದರೆ ಹೃತ್ಕುಕ್ಷಿಯ ಕಂಪನ ಎಂಬ ಪ್ರಾಣಾಂತಕ ಲಯದೋಷ ಆರಂಭವಾಗಬಹುದು, ಮುಖ್ಯವಾಗಿ ಹೃದಯಾಘಾತವಾದ ಹೊಸದರಲ್ಲಿ. ಆದ್ದರಿಂದ ನಾಳೆಯವರೆಗೆ ಕಾಯದೆ ಈಗಲೇ ನಿಮ್ಮ ವೈದ್ಯರಿಗೆ ತಿಳಿಸಿ. ಲೀಡ್ ಸರಿದಿದ್ದರೂ ಹೀಗಾಗುತ್ತದೆ, ಅದನ್ನೂ ನೋಡಬೇಕು.

ಅಂಕಿಯನ್ನು ಅತಿಯಾಗಿ ಇಳಿಸಿದರೆ ತದ್ವಿರುದ್ಧ ತೊಂದರೆ ಬರುತ್ತದೆ: ಸ್ನಾಯುವಿನ ಅದುರುವಿಕೆಯನ್ನೋ ಪಕ್ಕದ ಉಪಕರಣದ ವಿದ್ಯುತ್ ಗದ್ದಲವನ್ನೋ ಬಡಿತವೆಂದು ಭ್ರಮಿಸಿ ಪೆಟ್ಟಿಗೆ ಸುಮ್ಮನಾಗುತ್ತದೆ. ಪೇಸಿಂಗನ್ನೇ ನಂಬಿರುವ ರೋಗಿಗೆ ಅದು ಪ್ರಾಣಾಪಾಯ. ಬಡಿತವನ್ನು ಇನ್ನೂ ಗುರುತಿಸುತ್ತಿರುವ ಅತಿ ದೊಡ್ಡ ಅಂಕಿ ಯಾವುದೆಂದು ಕಂಡುಕೊಂಡು ಅದರ ಅರ್ಧಕ್ಕೆ ಇಡುವುದು ವಾಡಿಕೆ. ಸ್ವಂತ ಬಡಿತವೇ ಇಲ್ಲದ ರೋಗಿಯಲ್ಲಿ ಈ ಪರೀಕ್ಷೆಯನ್ನು ಮಾಡಬಾರದು.

ಕೊನೆಯ ಪ್ರಶ್ನೆ: ಐಸಿಯು ಶುಶ್ರೂಷಕಿ, ಕೋಲಾರ

ನಮ್ಮ ರೋಗಿಯನ್ನು ಆಂಜಿಯೋಗ್ರಾಂಗಾಗಿ ಬೆಂಗಳೂರಿಗೆ ಕಳುಹಿಸುವ ಮಾತು ನಡೆದಿದೆ. ಶಾಶ್ವತ ಪೇಸ್‌ಮೇಕರ್ ಬೇಕಾಗುತ್ತದೆಯೇ ಎಂದು ಅವರ ಮಗ ಕೇಳುತ್ತಿದ್ದಾನೆ. ದಾರಿಯಲ್ಲಿ ಯಾವ ಎಚ್ಚರಿಕೆ ಬೇಕು?

ಉತ್ತರ: ಹೃದ್ರೋಗ ವೈದ್ಯ, ತುಮಕೂರು

ಕೆಳಭಿತ್ತಿಯ ಆಘಾತದಲ್ಲಿ ಬ್ಲಾಕ್ ಸಾಮಾನ್ಯವಾಗಿ ಎವಿ ನೋಡ್‌ನ (ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ಸಂಕೇತ ದಾಟಿಸುವ ಕೊಂಡಿಯ) ಮಟ್ಟದಲ್ಲಿರುತ್ತದೆ, ಮತ್ತು ಬಹುತೇಕರಲ್ಲಿ ಕೆಲವು ದಿನಗಳಲ್ಲೇ ತಾನಾಗಿ ಬಿಟ್ಟುಹೋಗುತ್ತದೆ. ಮುಂಭಿತ್ತಿಯ ಆಘಾತದೊಂದಿಗೆ ಬರುವ ಬ್ಲಾಕ್ ಹಾಗಲ್ಲ, ಅದು ಹೆಚ್ಚು ಗಂಭೀರ. ಮಗನಿಗೆ ಧೈರ್ಯ ಹೇಳಬಹುದು, ಆದರೆ ಖಚಿತ ಮಾತು ಕೊಡಬೇಡಿ. ದರವನ್ನು ನಿಧಾನವಾಗಿ ತಗ್ಗಿಸುತ್ತ ಸ್ವಂತ ಬಡಿತ ಎಷ್ಟಿದೆ ಎಂದು ಅಲ್ಲಿನ ವೈದ್ಯರು ನೋಡುತ್ತಾರೆ.

ಹೊರಡುವ ಮುನ್ನ ಥ್ರೆಶೋಲ್ಡ್ ಅಳೆದು ಔಟ್‌ಪುಟ್ ಅನ್ನು ಅದರ ಎರಡು ಮೂರು ಪಟ್ಟಿಗೆ ಕಡಿಮೆಯಿಲ್ಲದಂತೆ ಇಡಿಸಿ. ಪೇಸಿಂಗ್ ಪ್ಯಾಡ್‌ಗಳನ್ನು ಇಲ್ಲಿಯೇ ಎದೆಗೆ ಅಂಟಿಸಿ ಯಂತ್ರಕ್ಕೆ ಜೋಡಿಸಿಕೊಂಡೇ ಹೊರಡಿ, ಏಕೆಂದರೆ ಹೊಸಕೋಟೆಯ ವಾಹನ ದಟ್ಟಣೆಯಲ್ಲಿ ಆಂಬುಲೆನ್ಸ್ ಸಿಲುಕಿದಾಗ ಅಂಟಿಸಲು ಹೊರಟರೆ ತಡವಾಗುತ್ತದೆ. ಜೊತೆಯಲ್ಲಿ ಪೇಸಿಂಗ್ ತಿಳಿದವರೊಬ್ಬರು ಇರಲೇಬೇಕು.

ಉತ್ತರ: ಜೈವಿಕ ವೈದ್ಯಕೀಯ ತಂತ್ರಜ್ಞ, ಚಿಕ್ಕಬಳ್ಳಾಪುರ

ಪೆಟ್ಟಿಗೆಯನ್ನು ಸ್ಟ್ರೆಚರ್‌ನ ಕಂಬಿಗೆ ನೇತುಹಾಕಬೇಡಿ. ರೋಗಿಯ ತೊಡೆಗೋ ಹೊಟ್ಟೆಗೋ ಪಟ್ಟಿಯಿಂದ ಕಟ್ಟಿ, ಕೇಬಲ್‌ನ ಒಂದು ಸುರುಳಿಯನ್ನು ಸಡಿಲವಾಗಿ ಬಿಟ್ಟು ಚರ್ಮಕ್ಕೆ ಅಂಟಿಸಿ. ಸ್ಟ್ರೆಚರ್ ಎತ್ತುವಾಗ ಎಳೆತ ಬಿದ್ದರೂ ಅದು ಆ ಸುರುಳಿಗೆ ಬೀಳುತ್ತದೆ, ಲೀಡ್‌ಗೆ ತಲುಪುವುದಿಲ್ಲ. ಗುಂಡಿಗಳ ಲಾಕ್ ಹಾಕಿ, ಹೊಸ ಬ್ಯಾಟರಿ ಹಾಕಿಸಿ, ಬಿಡಿ ಬ್ಯಾಟರಿಯನ್ನು ಜೊತೆಗೆ ಹೋಗುವವರ ಜೇಬಿನಲ್ಲೇ ಇರಿಸಿ. ದರ, ಔಟ್‌ಪುಟ್, ಸೆನ್ಸಿಟಿವಿಟಿ, ಕೊನೆಯ ಥ್ರೆಶೋಲ್ಡ್ ಮತ್ತು ಲೀಡ್‌ನ ಅಳತೆಯ ಗುರುತು ಈ ಐದನ್ನೂ ವರ್ಗಾವಣೆ ಪತ್ರದಲ್ಲಿ ಬರೆಯಿರಿ.